ಮೂಲಪ್ರತಿಯೂ ವನ್ಯಪ್ರತಿಗಳೂ: ಒಂದು ಜಂತುಹುಳುವಿನ ತಳಿಭೇದಗಳ ಚರಿತ್ರೆ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆಲ್ಲ ಒಂದು ಅನುಭವವು ಸಾಮಾನ್ಯವಾಗಿರುವುದು. ಅಂದವಾದ ಅಕ್ಷರಗಳಲ್ಲಿ, ತ್ರುಟಿಯಿಲ್ಲದೆ, ಆದ್ಯಂತವಾಗಿ ಬರೆದ ಪ್ರತಿಯೊಂದು ಕೈಗೆ ಬಂದರೆ, ಅದನ್ನೇ ಮೂಲವೆಂದು ಹಿಡಿದು ಉಳಿದ ಪ್ರತಿಗಳ ಪಾಠಗಳನ್ನು ಅಡಿಟಿಪ್ಪಣಿಗೆ ತಳ್ಳಿಬಿಡಬೇಕೆಂಬ ಮೋಹವು ಸಂಪಾದಕನನ್ನು ಆವರಿಸುತ್ತದೆ. ಈ ಲೇಖಕನೂ ಆ ಮೋಹಕ್ಕೆ ಒಳಗಾದವನೇ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಪಾಠಶಾಲೆಯ ವ್ಯಾಸಂಗವನ್ನು ಮುಗಿಸಿದ ಹೊಸದರಲ್ಲಿ, ವ್ಯಾಕರಣಶಾಸ್ತ್ರದ ಒಂದು ಚಿಕ್ಕ ಟೀಕಾಗ್ರಂಥವನ್ನು ಎರಡು ಪ್ರತಿಗಳ ಸಹಾಯದಿಂದ ಶೋಧಿಸಿ ಸಿದ್ಧಪಡಿಸಿದೆನು. ಒಂದು ಕಾಗದದ ಪ್ರತಿ; ಮುತ್ತಿನಂತಹ ಅಕ್ಷರಗಳು. ಮತ್ತೊಂದು ಅಂಚು ಮುರಿದು ಹುಳು ತಿಂದ ಓಲೆಯ ಪ್ರತಿ. ಒಂದೆಡೆಯಲ್ಲಿ ಕಾಗದದ ಪ್ರತಿಯು “ಸಮಾನ” ಎಂದು ಹೇಳುತ್ತಿದ್ದಿತು. ಓಲೆಯ ಪ್ರತಿಯು “ಸಮಾಸ” ಎಂದು ಹೇಳುತ್ತಿದ್ದಿತು. ಮೊದಲನೆಯದರಿಂದ ಅರ್ಥವು ಸುಲಭವಾಗಿ ಹೊಂದುತ್ತಿದ್ದುದರಿಂದ ಅದನ್ನು ಸ್ವೀಕರಿಸಿ, ಎರಡನೆಯದನ್ನು ಅಪಪಾಠವೆಂದು ಗುರುತಿಸಿದೆನು. ಹತ್ತು ವರ್ಷಗಳ ತರುವಾಯ ಮೂರನೆಯ ಪ್ರತಿಯೊಂದು ದೊರೆಯಿತು. ಅದರ ಕೊನೆಯ ಬರಹದಿಂದ, ಅದೂ ಕಾಗದದ ಪ್ರತಿಯೂ ಒಂದೇ ಮಾತೃಕೆಯಿಂದ ಇಳಿದವೆಂದು ಸ್ಪಷ್ಟವಾಯಿತು. ಆ ಪ್ರತಿಯಲ್ಲಿದ್ದುದು “ಸಮಾಸ” ಎಂಬ ಪಾಠವೇ. ಮಾತೃಕೆಯಲ್ಲಿ ಇದ್ದುದನ್ನು ಕಾಗದದ ಲಿಪಿಕಾರನು ಬದಲಾಯಿಸಿದ್ದನು. ಅವನ ಕೈತಪ್ಪನ್ನು ನಾನು ಗ್ರಂಥಕರ್ತನ ಮಾತೆಂದು ಮುದ್ರಿಸಿದ್ದೆನು.

ಈ ಪ್ರಸಂಗವನ್ನು ಇಲ್ಲಿ ಹೇಳಲು ಕಾರಣವುಂಟು. ನಾನು ವಾಸಮಾಡುತ್ತಿರುವ ಲಗ್ಗೆರೆಯು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಪೀಣ್ಯದ ಕಾರ್ಖಾನೆಗಳಿಗೆ ಸಮೀಪವಾಗಿ, ಹಿಂದೆ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಹೋಗಿರುವ ಊರು. ಇಲ್ಲಿಯ ದೇವಸ್ಥಾನವೊಂದರ ಹಿಂಬದಿಯಲ್ಲಿ ನಿರ್ಮಾಲ್ಯದ ಹೂವು, ಬಾಳೆಹಣ್ಣಿನ ಸಿಪ್ಪೆ, ಒಡೆದ ಕಾಯಿಯ ಚೂರು ಇವೆಲ್ಲ ರಾಶಿಯಾಗಿ ಕೊಳೆಯುತ್ತಿರುತ್ತವೆ. ಒಂದು ದಿನ ನೆರೆಮನೆಯ ಹುಡುಗಿ, ಜೀವಶಾಸ್ತ್ರವನ್ನು ಓದುತ್ತಿರುವವಳು, ಆ ರಾಶಿಯಿಂದ ಎರಡು ಚಮಚದಷ್ಟನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಏನಮ್ಮಾ ಇದು ಎಂದು ಕೇಳಿದ್ದಕ್ಕೆ, “ಶಾಸ್ತ್ರಿಗಳೇ, ನೀವು ಓಲೆಗರಿಯಲ್ಲಿ ಹುಡುಕುವುದನ್ನೇ ನಾವು ಈ ಕೊಳೆತ ಹೂವಿನಲ್ಲಿ ಹುಡುಕುತ್ತೇವೆ, ಪಾಠಾಂತರಗಳನ್ನು” ಎಂದು ನಕ್ಕಳು. ಮಾತು ವಿನೋದಕ್ಕೆ ಆಡಿದುದಾದರೂ ಮನಸ್ಸಿನಲ್ಲಿ ನಿಂತಿತು. ಆಕೆ ತಂದುಕೊಟ್ಟ ಪ್ರಬಂಧಗಳನ್ನು ಆಕೆಯ ನೆರವಿನಿಂದಲೇ ಓದುತ್ತ ಹೋದಂತೆ, ನನ್ನ ಕೈಯಿಂದ ನಡೆದ ತಪ್ಪೇ ಒಂದು ದೊಡ್ಡ ಪ್ರಯೋಗಶಾಸ್ತ್ರದಲ್ಲಿಯೂ ನಡೆದು, ನನ್ನಂತೆಯೇ ಅವರೂ ಮೂರನೆಯ ಪ್ರತಿಯೊಂದರಿಂದ ಅದನ್ನು ತಿದ್ದಿಕೊಂಡರೆಂಬುದು ತಿಳಿದುಬಂದಿತು. ಆ ಚರಿತ್ರೆಯನ್ನು ಸಾಹಿತ್ಯಾಧ್ಯಾಪಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಹುಳುವಿನ ಹೆಸರು ಮತ್ತು ಹುಟ್ಟು

ನಮ್ಮ ರೈತರು ಜಂತುಹುಳುವೆಂದು ಕರೆಯುವ ವರ್ಗಕ್ಕೆ ಪಾಶ್ಚಾತ್ಯರು ನೆಮಟೋಡ್ ಎಂದು ಹೆಸರಿಟ್ಟಿರುವರು. ಗ್ರೀಕ್ ಭಾಷೆಯಲ್ಲಿ ‘ನೇಮ’ ಎಂದರೆ ನೂಲು. ಚರಕಸಂಹಿತೆಯು ಇಪ್ಪತ್ತು ಬಗೆಯ ಕ್ರಿಮಿಗಳನ್ನು ಎಣಿಸುತ್ತದಷ್ಟೆ. ಅಲ್ಲಿ ಹೇಳಿರುವವು ಶರೀರವನ್ನು ಆಶ್ರಯಿಸಿದವು. ನಾವು ಈಗ ಹೇಳಹೊರಟಿರುವ ಹುಳುವು ಯಾರಿಗೂ ರೋಗವನ್ನು ತರುವುದಿಲ್ಲ. ಕೊಳೆತ ಹಣ್ಣು, ಕಾಂಡ, ಗೊಬ್ಬರ ಇವುಗಳಲ್ಲಿ ಹುಟ್ಟುವ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುತ್ತದೆ. ಬೆಳೆದ ಹುಳುವಿನ ಉದ್ದವು ಸುಮಾರು ಒಂದು ಮಿಲಿಮೀಟರು. ಮೊಟ್ಟೆಯಿಂದ ಹೊರಟು ತಾನೇ ಮೊಟ್ಟೆಯಿಡುವ ಸ್ಥಿತಿಗೆ ಬರಲು ಮೂರು ನಾಲ್ಕು ದಿನಗಳು ಸಾಕು. ಇವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಉಭಯಲಿಂಗಿಗಳು. ತಮ್ಮ ರೇತಸ್ಸಿನಿಂದ ತಮ್ಮ ಮೊಟ್ಟೆಗಳನ್ನೇ ಫಲಿಸಿಕೊಂಡು ಮುನ್ನೂರರಷ್ಟು ಮರಿಗಳನ್ನು ಪಡೆಯುತ್ತವೆ. ಗಂಡುಹುಳುಗಳು ವಿರಳ. ಆದಕಾರಣ ಒಂದು ಹುಳುವಿನ ಸಂತತಿಯು ಅದರ ನಕಲೇ ಎನ್ನಬಹುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದನ್ನು ಅವಲಂಬಿಸಿರುವುದು.

ಈ ಹುಳುವನ್ನು ಮೊದಲು ವರ್ಣಿಸಿದವನು ಎಮಿಲ್ ಮೋಪಾ ಎಂಬ ಫ್ರೆಂಚ್ ವಿದ್ವಾಂಸ. ಅವನು ಆಲ್ಜಿಯರ್ಸ್ ನಗರದ ಗ್ರಂಥಾಲಯದ ಅಧಿಕಾರಿಯಾಗಿದ್ದು, ಪುಸ್ತಕಗಳ ಕೆಲಸದಿಂದ ಬಿಡುವಾದಾಗ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುತ್ತಿದ್ದವನು. ಆ ನಗರದ ಸುತ್ತಣ ಮಣ್ಣಿನಲ್ಲಿ ದೊರೆತ ಹುಳುವಿಗೆ ೧೯೦೦ರ ತನ್ನ ಪ್ರಬಂಧದಲ್ಲಿ ‘ರಾಬ್ಡೈಟಿಸ್ ಎಲೆಗನ್ಸ್’ ಎಂದು ನಾಮನಿರ್ದೇಶ ಮಾಡಿದನು. ಬಳಿಕ ೧೯೫೦ರ ದಶಕದಲ್ಲಿ ವರ್ಗೀಕರಣವು ಬದಲಾಗಿ ‘ಸೀನೊರಾಬ್ಡೈಟಿಸ್ ಎಲೆಗನ್ಸ್’ ಎಂಬ ಈಗಿನ ಹೆಸರು ನೆಲೆಗೊಂಡಿತು. ಹೆಸರಿನ ಮೊದಲ ಪದವು ಗ್ರೀಕಿನಿಂದಲೂ ಎರಡನೆಯದು ಲ್ಯಾಟಿನಿನಿಂದಲೂ ಬಂದುದು. ‘ಕೈನೋಸ್’ ಎಂದರೆ ನೂತನ, ‘ರಾಬ್ಡೋಸ್’ ಎಂದರೆ ದಂಡ, ‘ಎಲೆಗನ್ಸ್’ ಎಂದರೆ ಲಲಿತ. ‘ಲಲಿತವಾದ ನವದಂಡ’ ಎಂಬುದು ಒಟ್ಟು ಭಾವ. ಇನ್ನು ಮುಂದೆ ಎಲೆಗನ್ಸ್ ಹುಳುವೆಂದು ಚಿಕ್ಕದಾಗಿ ಕರೆಯೋಣ.

೨. ಒಂದು ಪ್ರತಿಯು ಪ್ರಮಾಣವಾದ ಬಗೆ

೧೯೫೧ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸಮೀಪದಲ್ಲಿ, ಅಣಬೆ ಬೆಳೆಯುವ ಗೊಬ್ಬರದಲ್ಲಿ, ಸ್ಟಾನಿಲ್ಯಾಂಡ್ ಎಂಬುವರಿಗೆ ಈ ಹುಳುವು ದೊರೆಯಿತು. ಅದರ ಸಂತತಿಯು ಅಮೆರಿಕದ ಬರ್ಕ್ಲಿಯಲ್ಲಿದ್ದ ಎಲ್ಸ್‌ವರ್ತ್ ಡೌಹರ್ಟಿ ಎಂಬ ವಿದ್ವಾಂಸನ ಕೈಸೇರಿತು. ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರನು ೧೯೬೩ರಲ್ಲಿ, ಪ್ರಾಣಿಗಳ ಬೆಳವಣಿಗೆಯನ್ನೂ ನರಮಂಡಲವನ್ನೂ ಬುಡದಿಂದ ಅರಿಯಲು ಅತ್ಯಂತ ಸರಳವಾದ ಒಂದು ಪ್ರಾಣಿಯನ್ನು ಆರಿಸಿಕೊಳ್ಳಬೇಕೆಂದು ಸೂಚಿಸಿ, ಡೌಹರ್ಟಿಯಿಂದ ಈ ಹುಳುವನ್ನು ತರಿಸಿಕೊಂಡನು. ಅವನ ಪ್ರಯೋಗಶಾಲೆಯಲ್ಲಿ ನೆಲೆನಿಂತ ಬ್ರಿಸ್ಟಲ್ ಸಂತತಿಗೆ ‘ಎನ್-೨’ ಎಂದು ಸಂಕೇತವಾಯಿತು. ೧೯೭೪ರಲ್ಲಿ ಬ್ರೆನ್ನರನು ಪ್ರಕಟಿಸಿದ ಪ್ರಬಂಧವು ಈ ಶಾಸ್ತ್ರಕ್ಕೆ ಸೂತ್ರಗ್ರಂಥದಂತಾಯಿತು.

ಅಲ್ಲಿಂದ ಮುಂದೆ ಲೋಕದ ಎಲ್ಲ ಪ್ರಯೋಗಶಾಲೆಗಳಿಗೂ ಹೋದುದು ಎನ್-೨ ತಳಿಯೇ. ಉಭಯಲಿಂಗಿ ಹುಳುವಿನ ದೇಹದಲ್ಲಿ ೯೫೯ ಜೀವಕೋಶಗಳಿವೆ, ಅವುಗಳಲ್ಲಿ ೩೦೨ ನರಕೋಶಗಳು ಎಂದು ಎಣಿಸಿದುದು ಈ ತಳಿಯನ್ನು ಹಿಡಿದು. ೧೯೯೮ರಲ್ಲಿ ಬಹುಕೋಶಗಳುಳ್ಳ ಪ್ರಾಣಿಯೊಂದರ ಸಮಸ್ತ ಡಿ.ಎನ್.ಎ. ಬರಹವನ್ನು ಮೊಟ್ಟಮೊದಲು ಓದಿ ಪ್ರಕಟಿಸಿದಾಗ, ಸುಮಾರು ಹತ್ತು ಕೋಟಿ ಅಕ್ಷರಗಳ ಆ ಬರಹವು ಈ ತಳಿಯದೇ. ೨೦೦೨ರಲ್ಲಿ ಬ್ರೆನ್ನರ್, ಹಾರ್ವಿಟ್ಸ್, ಸಲ್ಸ್ಟನ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕವು ಬಂದುದೂ ಇದರ ಅಧ್ಯಯನದಿಂದಲೇ. ಹೀಗೆ ಒಂದು ಪ್ರತಿಯು ಗ್ರಂಥಕ್ಕೆ ಪರ್ಯಾಯವಾಯಿತು. ‘ವನ್ಯತಳಿ’ ಎಂದು ಅದನ್ನು ಕರೆಯುವ ರೂಢಿಯೂ ಬಂದಿತು. ಎಂದರೆ, ಮನುಷ್ಯನ ಕೈಯಿಂದ ವಿಕಾರಗೊಳ್ಳದ ಪ್ರಕೃತಿಸಿದ್ಧವಾದ ರೂಪವಿದು ಎಂದು ಭಾವಿಸಲಾಯಿತು.

ಆದರೆ ಈ ತಳಿಯನ್ನು ಹಿಮದಲ್ಲಿ ಹೆಪ್ಪುಗಟ್ಟಿಸಿ ಇಡುವ ಪದ್ಧತಿಯು ಅನುಷ್ಠಾನಕ್ಕೆ ಬಂದುದು ೧೯೬೯ರಲ್ಲಿ. ಅದಕ್ಕೆ ಹಿಂದೆ ಹದಿನೆಂಟು ವರ್ಷಗಳ ಕಾಲ ಅದು ಪ್ರಯೋಗಶಾಲೆಯ ತಟ್ಟೆಗಳಲ್ಲಿಯೂ ಸೀಸೆಗಳಲ್ಲಿಯೂ ಪೀಳಿಗೆಯಿಂದ ಪೀಳಿಗೆಗೆ ನಡೆದುಬಂದಿತ್ತು. ಮೂರು ನಾಲ್ಕು ದಿನಗಳಿಗೊಂದು ಪೀಳಿಗೆಯಾದರೆ ಹದಿನೆಂಟು ವರ್ಷಗಳಲ್ಲಿ ಎಷ್ಟು ಸಾರಿ ಬರಹವು ನಕಲಾಗಿರಬೇಕು! ಅಷ್ಟು ನಕಲುಗಳಲ್ಲಿ ಲಿಪಿಕಾರನ ತಪ್ಪು ನುಸುಳದಿರುವುದು ಸಾಧ್ಯವೆ? ಈ ಪ್ರಶ್ನೆಯನ್ನು ಗ್ರಂಥಸಂಪಾದಕನಾದವನು ಮೊದಲ ದಿನವೇ ಕೇಳುತ್ತಿದ್ದನೆಂದು ಹೆಮ್ಮೆಪಡುವಂತಿಲ್ಲ. ನಾನು ಕೇಳಲಿಲ್ಲವೆಂಬುದನ್ನು ಮೊದಲೇ ನಿವೇದಿಸಿರುವೆನು.

೩. ಬೇರೆ ಪ್ರತಿಗಳು

ಎನ್-೨ ಅಲ್ಲದ ತಳಿಗಳು ಇರಲಿಲ್ಲವೆಂದಲ್ಲ. ಫ್ರಾನ್ಸಿನ ವಿಕ್ಟರ್ ನಿಗೋನನು ೧೯೪೦ರ ದಶಕದಲ್ಲಿ ಬೆರ್ಜರಾಕ್ ಎಂಬ ಊರಿನಿಂದ ಒಂದು ತಳಿಯನ್ನು ಸಂಪಾದಿಸಿದ್ದನು. ಅದು ಬ್ರಿಸ್ಟಲ್ ತಳಿಯಂತೆ ಬಿಸಿಯನ್ನು ತಾಳಲಾರದು. ೧೯೬೩ರಲ್ಲಿ ಫ್ಯಾಟ್ ಮತ್ತು ಡೌಹರ್ಟಿ ಇವರು ಎರಡು ತಳಿಗಳನ್ನೂ ಕೂಡಿಸಿ, ಈ ಭೇದವು ಆಹಾರ ಉಪಚಾರಗಳಿಂದ ಬಂದುದಲ್ಲ, ವಂಶವಾಹಿಯಿಂದ ಬಂದುದು ಎಂದು ತೋರಿಸಿದರು. ಎಲೆಗನ್ಸ್ ಹುಳುವಿನ ಸ್ವಾಭಾವಿಕ ವಂಶಭೇದವನ್ನು ಪ್ರಯೋಗದಿಂದ ಸಾಧಿಸಿದ ಮೊದಲ ಕೆಲಸಗಳಲ್ಲಿ ಇದೊಂದು. ೧೯೭೨ರಲ್ಲಿ ಹವಾಯಿ ದ್ವೀಪಗಳಲ್ಲಿ ಅನಾನಸ್ ಹೊಲದಿಂದ ಮತ್ತೊಂದು ತಳಿಯು ದೊರೆಯಿತು. ಅದರ ಸಂಕೇತ ಸಿ.ಬಿ. ೪೮೫೬. ಇದರ ಬರಹವು ಎನ್-೨ರ ಬರಹದಿಂದ ಲಕ್ಷಗಟ್ಟಲೆ ಸ್ಥಾನಗಳಲ್ಲಿ ಭಿನ್ನವಾಗಿರುವುದೆಂದು ಮುಂದೆ ಗೊತ್ತಾಯಿತು.

೧೯೯೭ರಲ್ಲಿ ಹಾಡ್ಜ್‌ಕಿನ್ ಮತ್ತು ಡೋನಿಯಾಕ್ ಎಂಬುವರು ಹಲವು ದೇಶಗಳ ತಳಿಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಅನೇಕ ತಳಿಗಳಲ್ಲಿ ಗಂಡುಹುಳುವು ಕೂಡಿದ ಬಳಿಕ ಲೋಳೆಯಂತಹ ಒಂದು ಬಿರಡೆಯನ್ನು ಬಿಡುತ್ತದೆ. ಎನ್-೨ರ ಗಂಡು ಹಾಗೆ ಬಿಡುವುದಿಲ್ಲ. ಇದರ ಕಾರಣವು ೨೦೦೮ರಲ್ಲಿ ತಿಳಿಯಿತು. ಬಿರಡೆಯನ್ನು ಮಾಡುವ ವಂಶವಾಹಿಯ ನಡುವೆ, ತಾನಾಗಿಯೇ ಎಡೆಯಿಂದೆಡೆಗೆ ನಕಲಾಗಬಲ್ಲ ಒಂದು ಡಿ.ಎನ್.ಎ. ತುಂಡು ಬಂದು ಸೇರಿಕೊಂಡು ಅದನ್ನು ಕೆಡಿಸಿತ್ತು. ನಮ್ಮ ಪರಿಭಾಷೆಯಲ್ಲಿ ಇದು ಪ್ರಕ್ಷೇಪ. ಇಲ್ಲಿ ಗಮನಿಸಬೇಕಾದುದೇನೆಂದರೆ, ಇದೇ ಪ್ರಕ್ಷೇಪವು ಕಾಡಿನಿಂದ ತಂದ ಇತರ ತಳಿಗಳಲ್ಲಿಯೂ ಇದೆ. ಆದುದರಿಂದ ಇದು ಪ್ರಯೋಗಶಾಲೆಯ ದೋಷವಲ್ಲ, ಪರಂಪರೆಯಿಂದ ಬಂದ ಪಾಠಭೇದ. ಎನ್-೨ರಲ್ಲಿರುವ ವಿಶೇಷವೆಲ್ಲವೂ ಕೈತಪ್ಪೆಂದು ಹೇಳುವುದು, ಅದೆಲ್ಲವೂ ಮೂಲವೆಂದು ಹೇಳುವಷ್ಟೇ ಅವಿಚಾರವಾದೀತು. ಒಂದೊಂದು ಸ್ಥಳವನ್ನೂ ಬೇರೆಬೇರೆಯಾಗಿ ತೂಗಬೇಕು.

೪. ಮೂರನೆಯ ಪ್ರತಿ

ಈ ಚರಿತ್ರೆಯ ಮುಖ್ಯ ಪ್ರಸಂಗಕ್ಕೆ ಈಗ ಬರೋಣ. ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳ ಆಹಾರವನ್ನು ಹರಡಿಟ್ಟರೆ ಎನ್-೨ ಹುಳುಗಳು ಚದುರಿ ಒಂಟೊಂಟಿಯಾಗಿ ಮೇಯುತ್ತವೆ. ಕಾಡಿನಿಂದ ತಂದ ಬಹುಪಾಲು ತಳಿಗಳು ಆಹಾರದ ಅಂಚಿನಲ್ಲಿ ಒಟ್ಟುಗೂಡಿ ಗುಂಪಾಗಿ ಮೇಯುತ್ತವೆ. ೧೯೯೮ರಲ್ಲಿ ಡಿ ಬೋನೋ ಮತ್ತು ಬಾರ್ಗ್‌ಮನ್ ಎಂಬುವರು ಇದರ ಮೂಲವನ್ನು ಕಂಡುಹಿಡಿದರು. ‘ಎನ್.ಪಿ.ಆರ್.-೧’ ಎಂಬ ವಂಶವಾಹಿಯಿಂದ ಹುಟ್ಟುವ ಪ್ರೋಟೀನಿನ ೨೧೫ನೆಯ ಸ್ಥಾನದಲ್ಲಿ ಒಂಟಿಯಾಗಿ ಮೇಯುವವುಗಳಿಗೆ ವ್ಯಾಲೀನ್ ಎಂಬ ಘಟಕವೂ, ಗುಂಪಾಗಿ ಮೇಯುವವುಗಳಿಗೆ ಫಿನೈಲ್‌ಅಲನೀನ್ ಎಂಬ ಘಟಕವೂ ಇರುತ್ತದೆ. ಒಂದೇ ಅಕ್ಷರದ ವ್ಯತ್ಯಾಸದಿಂದ ಒಂಟಿಬಾಳೂ ಗುಂಪುಬಾಳೂ ಏರ್ಪಡುವುದನ್ನು ಕಂಡು ವಿದ್ವಲ್ಲೋಕವು ಬೆರಗಾಯಿತು. ಪ್ರಕೃತಿಯು ಒಂದೇ ಹುಳುವಿಗೆ ಎರಡು ಶೀಲಗಳನ್ನು ಕೊಟ್ಟು ಎರಡನ್ನೂ ಕಾಪಾಡಿಕೊಂಡು ಬಂದಿದೆ ಎಂಬ ವಿವರಣೆಯು ಅಂದು ಸಹಜವಾಗಿ ತೋರಿತು.

ಹನ್ನೊಂದು ವರ್ಷಗಳ ಬಳಿಕ, ೨೦೦೯ರಲ್ಲಿ, ಮ್ಯಾಕ್‌ಗ್ರಾತ್ ಮತ್ತು ಅವರ ಸಹೋದ್ಯೋಗಿಗಳ ಪ್ರಬಂಧವು ಆ ವಿವರಣೆಯನ್ನು ತಲೆಕೆಳಗುಮಾಡಿತು. ಬ್ರಿಸ್ಟಲಿನ ಅದೇ ಹುಳುವಿನಿಂದ ಇಳಿದ ಮತ್ತೊಂದು ಶಾಖೆಯಿದ್ದಿತು. ಅದು ೧೯೫೦ರ ದಶಕದ ಕೊನೆಯ ಭಾಗದಲ್ಲಿ ಎನ್-೨ರ ಶಾಖೆಯಿಂದ ಬೇರ್ಪಟ್ಟು, ದ್ರವಾಹಾರದಲ್ಲಿ ಸಾಕಲ್ಪಡುತ್ತ ಬಂದುದು. ಅದರ ಸಂಕೇತ ಎಲ್.ಎಸ್.ಜೆ. ಈ ಶಾಖೆಯಲ್ಲಿ ೨೧೫ನೆಯ ಸ್ಥಾನದ ಪಾಠವು ಕಾಡಿನ ತಳಿಗಳಲ್ಲಿರುವುದೇ ಆಗಿತ್ತು. ಒಂದೇ ಮಾತೃಕೆಯಿಂದ ಇಳಿದ ಎರಡು ಪ್ರತಿಗಳಲ್ಲಿ ಒಂದರ ಪಾಠವು ದೂರದ ಪ್ರತಿಗಳೊಡನೆ ಹೊಂದಿದರೆ, ಆ ಪಾಠವೇ ಮಾತೃಕೆಯದು; ಹೊಂದದಿರುವುದು ಲಿಪಿಕಾರನದು. ಇದು ಗ್ರಂಥಸಂಪಾದನೆಯ ಮೊದಲ ಪಾಠ. ಹಾಗಾದರೆ ಒಂಟಿಯಾಗಿ ಮೇಯುವ ಶೀಲವು ಪ್ರಕೃತಿದತ್ತವಲ್ಲ. ೧೯೫೧ರ ಈಚೆಗೆ, ಪ್ರಯೋಗಶಾಲೆಯ ತಟ್ಟೆಯಲ್ಲಿ ಹುಟ್ಟಿದುದು.

ಅದೇ ಪ್ರಬಂಧವು ‘ಜಿ.ಎಲ್.ಬಿ.-೫’ ಎಂಬ ಮತ್ತೊಂದು ವಂಶವಾಹಿಯ ವಿಷಯದಲ್ಲಿಯೂ ಇದನ್ನೇ ತೋರಿಸಿತು. ಹುಳುವು ಆಮ್ಲಜನಕದ ಏರಿಳಿತವನ್ನು ಅರಿಯಲು ನೆರವಾಗುವ ಆ ವಂಶವಾಹಿಯಲ್ಲಿ, ಎನ್-೨ರಲ್ಲಿ ಮಾತ್ರ, ೭೬೫ ಅಕ್ಷರಗಳ ಒಂದು ಭಾಗವು ಎರಡು ಸಾರಿ ಬರೆಯಲ್ಪಟ್ಟು ಅದರ ಕೊನೆಯನ್ನು ಕೆಡಿಸಿದೆ. ಕಣ್ಣು ಹಿಂದಕ್ಕೆ ಜಾರಿ ಬರೆದ ಸಾಲನ್ನೇ ಮರಳಿ ಬರೆದ ಲಿಪಿಕಾರರನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾದರೆ ಕಾಡಿನಿಂದ ಬಂದವೆಂದು ಎಣಿಸಲಾಗಿದ್ದ ಕೆಲವು ತಳಿಗಳೂ ಒಂಟಿಯಾಗಿ ಮೇಯುತ್ತಿದ್ದುದು ಹೇಗೆ? ಇದಕ್ಕೆ ಕೊಟ್ಟ ಸಮಾಧಾನವು ಸಾಹಿತ್ಯವಿಮರ್ಶಕರಿಗೆ ಸ್ವಾರಸ್ಯವಾದುದು. ಅವು ನಿಜವಾದ ವನ್ಯತಳಿಗಳಲ್ಲ. ಪ್ರಯೋಗಶಾಲೆಯಲ್ಲಿ ಎನ್-೨ರ ಹುಳುಗಳು ಬೆರೆತುಹೋಗಿ ಹಾಗೆ ತೋರಿದವು. ಮುದ್ರಿತ ಪುಸ್ತಕವನ್ನು ನೋಡಿ ಬರೆದುಕೊಂಡ ಪ್ರತಿಯನ್ನು ಪ್ರಾಚೀನ ಪ್ರತಿಯೆಂದು ಎಣಿಸಿ, ಮುದ್ರಿತ ಪಾಠಕ್ಕೆ ಇದೂ ಸಾಕ್ಷಿಯೆಂದು ಹೇಳಿದಂತಾಯಿತು ಇದು. ಸಾಕ್ಷಿಗಳ ಸಂಖ್ಯೆಯನ್ನು ನೋಡಬಾರದು, ಅವು ಪರಸ್ಪರ ಸ್ವತಂತ್ರವೇ ಎಂಬುದನ್ನು ನೋಡಬೇಕು ಎಂದು ನಮ್ಮ ಗುರುಗಳು ಹೇಳುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಸಿಕ್ಕಲಾರದು.

ಇಂತಹ ತಪ್ಪುಗಳು ಉಳಿದುಬಂದುದೇಕೆ? ೨೦೧೪ರ ಒಂದು ಪ್ರಬಂಧದಲ್ಲಿ ಆಂಡರ್ಸನ್ ಮತ್ತು ಸಹೋದ್ಯೋಗಿಗಳು, ಎನ್.ಪಿ.ಆರ್.-೧ರ ಈ ಹೊಸ ಪಾಠವುಳ್ಳ ಹುಳುಗಳು ಪ್ರಯೋಗಶಾಲೆಯ ತಟ್ಟೆಯಲ್ಲಿ ಹಳೆಯ ಪಾಠದವುಗಳನ್ನು ಮೀರಿಸುತ್ತವೆಂದು ತೋರಿಸಿದರು. ತಟ್ಟೆಯಿಂದ ತಟ್ಟೆಗೆ ಹುಳುಗಳನ್ನು ಸಾಗಿಸುವ ಪದ್ಧತಿಯೇ, ಯಾರ ಸಂಕಲ್ಪವೂ ಇಲ್ಲದೆ, ಆ ಪಾಠವನ್ನು ಆರಿಸಿಕೊಂಡಿತು. ಸುಲಭವಾಗಿ ಅರ್ಥವಾಗುವ ಪಾಠವು ಲಿಪಿಕಾರರ ಕೈಯಲ್ಲಿ ಕ್ಲಿಷ್ಟಪಾಠವನ್ನು ಹಿಂದಕ್ಕೆ ತಳ್ಳುವುದೂ ಹೀಗೆಯೇ. ನನ್ನ “ಸಮಾನ” ಎಂಬ ಪಾಠವು ಗೆದ್ದುದು ಇದೇ ನ್ಯಾಯದಿಂದ.

೫. ವನ್ಯಪ್ರತಿಗಳ ಸಂಗ್ರಹ

ಅರ್ಧ ಶತಮಾನದಷ್ಟು ಕಾಲ ಈ ಹುಳುವನ್ನು ಓದಿದವರಿಗೆ ಅದರ ನಿಜವಾದ ಮನೆಯು ಎಲ್ಲಿಯೆಂಬುದೇ ಸರಿಯಾಗಿ ತಿಳಿದಿರಲಿಲ್ಲ. ‘ನೆಲದ ಹುಳು’ ಎಂದು ಬರೆಯುವುದು ರೂಢಿಯಾಗಿತ್ತು. ಪ್ಯಾರಿಸಿನ ಮೇರಿ-ಆನ್ ಫೆಲಿಕ್ಸ್ ಎಂಬ ವಿದುಷಿಯು ತನ್ನ ಸಹೋದ್ಯೋಗಿಗಳೊಡನೆ ಫ್ರಾನ್ಸಿನ ಗೊಬ್ಬರದ ಗುಂಡಿಗಳನ್ನೂ, ಮುಂದೆ ತೋಟಗಳಲ್ಲಿ ಬಿದ್ದು ಕೊಳೆತ ಸೇಬುಗಳನ್ನೂ ಶೋಧಿಸಿ, ಹುಳುವು ತಿಂದು ಬೆಳೆದು ಸಂತತಿಯನ್ನು ಹೆಚ್ಚಿಸಿಕೊಳ್ಳುವ ಸ್ಥಳವು ಕೊಳೆಯುತ್ತಿರುವ ಹಣ್ಣು ಕಾಂಡಗಳೆಂದು ೨೦೧೨ರಲ್ಲಿ ಸ್ಥಾಪಿಸಿದಳು. ಇದಕ್ಕೂ ಮೊದಲು, ೨೦೦೫ರಲ್ಲಿ, ಆಕೆಯೂ ಬ್ಯಾರಿಯೇರ್ ಎಂಬುವರೂ ಒಂದೇ ಊರಿನಲ್ಲಿಯೂ ಬೇರೆಬೇರೆ ತಳಿಗಳಿರುವುದನ್ನು, ಮತ್ತು ಅವು ಒಂದರೊಡನೊಂದು ಬೆರೆಯುವುದು ವಿರಳವೆಂಬುದನ್ನು ತೋರಿಸಿದ್ದರು. ಒಂದೇ ಮಠದ ಭಂಡಾರದಲ್ಲಿ ಒಂದೇ ಗ್ರಂಥದ ಭಿನ್ನ ಶಾಖೆಗಳು ಪಕ್ಕಪಕ್ಕದಲ್ಲಿ, ಒಂದು ಮತ್ತೊಂದನ್ನು ತಿದ್ದದೆ, ಉಳಿದುಬಂದಂತೆ ಇದು.

೨೦೧೨ರಲ್ಲಿ ಆಂಡರ್ಸನ್, ಕ್ರುಗ್ಲಿಯಾಕ್ ಮೊದಲಾದವರು ಲೋಕದ ನಾನಾ ಭಾಗಗಳಿಂದ ಬಂದ ೨೦೦ ತಳಿಗಳನ್ನು ಹೋಲಿಸಿದರು. ಹುಳುವಿನ ಆರು ಕ್ರೋಮೋಸೋಮುಗಳಲ್ಲಿ ನಾಲ್ಕರಲ್ಲಿ, ಖಂಡಖಂಡಾಂತರಗಳ ತಳಿಗಳು ಬಹುಮಟ್ಟಿಗೆ ಒಂದೇ ಬರಹವನ್ನು ಹೊಂದಿದ್ದವು. ಕಳೆದ ಕೆಲವು ನೂರು ವರ್ಷಗಳಲ್ಲಿ ಯಾವುದೋ ಅನುಕೂಲವುಳ್ಳ ಒಂದು ಶಾಖೆಯು, ಪ್ರಾಯಶಃ ಮನುಷ್ಯರ ಸಂಚಾರದೊಡನೆ, ಭೂಮಿಯಲ್ಲೆಲ್ಲ ಹ��ಡಿ ಹಳೆಯ ಶಾಖೆಗಳನ್ನು ಅಳಿಸಿತೆಂದು ಅವರು ಊಹಿಸಿದರು. ಹವಾಯಿಯ ತಳಿಗಳು ಮಾತ್ರ ಈ ಏಕರೂಪತೆಗೆ ಒಳಗಾಗದೆ ಹೆಚ್ಚು ವೈವಿಧ್ಯವನ್ನು ಉಳಿಸಿಕೊಂಡಿರುವುವೆಂದು ೨೦೧೯ರ ವಿಸ್ತಾರವಾದ ಶೋಧನೆಯಿಂದ ದೃಢವಾಯಿತು. ಪ್ರಧಾನ ಪೀಠಗಳಲ್ಲಿ ಒಂದು ಪಾಠವು ಪ್ರಚಾರಕ್ಕೆ ಬಂದು ಉಳಿದವು ಲೋಪಿಸಿದ ಮೇಲೆಯೂ, ದೂರದ ಒಂದು ಮೂಲೆಯಲ್ಲಿ ಪ್ರಾಚೀನ ಪಾಠಗಳು ಉಳಿದಿರುವುದುಂಟು.

೨೦೨೧ರಲ್ಲಿ ೩೨೮ ತಳಿಗಳನ್ನು ಪರಿಶೀಲಿಸಿದ ಮತ್ತೊಂದು ಪ್ರಬಂಧವು ಇನ್ನೂ ಆಶ್ಚರ್ಯಕರವಾದುದನ್ನು ಹೇಳಿತು. ಸಮಸ್ತ ಬರಹದ ಸುಮಾರು ಐದನೆಯ ಒಂದು ಭಾಗದಷ್ಟು ಸ್ಥಳಗಳಲ್ಲಿ, ಒಂದಲ್ಲ ಒಂದು ತಳಿಯ ಪಾಠವು ಪ್ರಮಾಣಪ್ರತಿಯ ಪಾಠದಿಂದ ಅತಿದೂರವಾಗಿರುವುದು. ಇಂತಹ ಭಾಗಗಳಲ್ಲಿ ಪರಿಸರವನ್ನು ಅರಿಯುವ, ರೋಗಾಣುಗಳನ್ನು ಎದುರಿಸುವ ವಂಶವಾಹಿಗಳು ಹೆಚ್ಚಾಗಿವೆ. ಎನ್-೨ ಒಂದನ್ನೇ ಓದಿದವರಿಗೆ ಈ ಭಾಗಗಳು ಇವೆಯೆಂಬುದೇ ತಿಳಿಯುವಂತಿರಲಿಲ್ಲ.

ಶಾಖೆಗಳ ಭೇದವು ಕೆಲವೊಮ್ಮೆ ಪ್ರಾಣಹಾನಿಗೂ ಕಾರಣವಾಗುತ್ತದೆ. ಎನ್-೨ನ್ನೂ ಹವಾಯಿಯ ತಳಿಯನ್ನೂ ಕೂಡಿಸಿದರೆ ಮೊದಲ ಪೀಳಿಗೆಯು ಆರೋಗ್ಯವಾಗಿರುತ್ತದೆ; ಅದು ತನ್ನಿಂದ ತಾನೇ ಪಡೆದ ಮುಂದಿನ ಪೀಳಿಗೆಯಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಭ್ರೂಣಗಳು ಸಾಯುತ್ತವೆ. ರೇತಸ್ಸಿನ ಮೂಲಕ ಒಂದು ವಿಷವು ಬರುತ್ತದೆಂದೂ, ಅದರ ಪ್ರತಿವಿಷವನ್ನು ತಯಾರಿಸುವ ವಂಶವಾಹಿಯು ಪಕ್ಕದಲ್ಲಿಯೇ ಇದೆಯೆಂದೂ, ಪ್ರತಿವಿಷವು ಭಾಗಕ್ಕೆ ಬಾರದ ಭ್ರೂಣಗಳು ಅಳಿಯುತ್ತವೆಂದೂ ೨೦೦೮ರಿಂದ ಮುಂದೆ ನಡೆದ ಶೋಧನೆಗಳಲ್ಲಿ ವಿದಿತವಾಯಿತು. ಎರಡು ಶಾಖೆಗಳ ಪಾಠಗಳನ್ನು ವಿವೇಚನೆಯಿಲ್ಲದೆ ಬೆರೆಸಿದ ಸಂಪಾದಿತ ಗ್ರಂಥಗಳಲ್ಲಿ ಅರ್ಥವು ಸಾಯುವುದನ್ನು ನಾವು ಕಂಡಿಲ್ಲವೆ?

೬. ನಮ್ಮ ದೇಶದ ಪ್ರತಿಗಳು

ಈ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಸ್ಥಾನವುಂಟು. ಎಲೆಗನ್ಸಿಗೆ ಹತ್ತಿರದ ಬಂಧುವಾದ ‘ಬ್ರಿಗ್ಸೆ’ ಎಂಬ ಹುಳುವು ೧೯೪೦ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಕಂಡ ಮಾರ್ಗರೆಟ್ ಬ್ರಿಗ್ಸ್ ಎಂಬಾಕೆಯ ಹೆಸರನ್ನು ಹೊತ್ತಿದೆ. ಹೆಸರಿಟ್ಟವರು ಡೌಹರ್ಟಿ ಮತ್ತು ನಿಗೋನ್, ೧೯೪೯ರಲ್ಲಿ. ಈ ಹುಳುವಿಗೆ ಪ್ರಮಾಣಪ್ರತಿಯಾಗಿ ನಿಂತುದು ಅಹಮದಾಬಾದಿನ ಮಣ್ಣಿನಿಂದ ದೊರೆತ ಎ.ಎಫ್. ೧೬ ಎಂಬ ತಳಿ. ೨೦೦೩ರಲ್ಲಿ ಪ್ರಕಟವಾದ ಬ್ರಿಗ್ಸೆಯ ಸಮಸ್ತ ಬರಹವು ಈ ಭಾರತೀಯ ತಳಿಯದು.

೨೦೦೬ರಲ್ಲಿ ಕಟ್ಟರ್ ಮೊದಲಾದವರು ನಾನಾ ದೇಶಗಳ ಬ್ರಿಗ್ಸೆ ತಳಿಗಳನ್ನು ಹೋಲಿಸಿ, ಅವು ಸಮಶೀತೋಷ್ಣ ದೇಶಗಳವು ಮತ್ತು ಉಷ್ಣದೇಶಗಳವು ಎಂದು ಎರಡು ಶಾಖೆಗಳಾಗಿ ಸ್ಪಷ್ಟವಾಗಿ ಒಡೆಯುವುದನ್ನು ತೋರಿಸಿದರು. ಕರ್ಕಾಟಕಸಂಕ್ರಾಂತಿ ವೃತ್ತಕ್ಕೆ ಸ್ವಲ್ಪವೇ ದಕ್ಷಿಣದಲ್ಲಿರುವ ಅಹಮದಾಬಾದಿನ ತಳಿಯು ಉಷ್ಣಶಾಖೆಯದು. ಜಪಾನಿನ ಒಕಾಯಾಮದ ತಳಿಯು ಸಮಶೀತೋಷ್ಣಶಾಖೆಯದು. ಮಹಾಭಾರತಕ್ಕೆ ಔತ್ತರಾಹ, ದಾಕ್ಷಿಣಾತ್ಯವೆಂಬ ಎರಡು ಪಾಠಪರಂಪರೆಗಳಿರುವುದನ್ನು ಬಲ್ಲ ವಾಚಕರಿಗೆ ಇದು ಹೊಸದೆಂದು ತೋರಲಾರದು. ಇಲ್ಲಿಯ ವಿಶೇಷವೇನೆಂದರೆ, ಶಾಖಾಭೇದವು ಬರಹದಲ್ಲಿ ಮಾತ್ರವಲ್ಲದೆ ಬಾಳಿನಲ್ಲಿಯೂ ಕಾಣುತ್ತದೆ. ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಹೆಚ್ಚಿನ ಬಿಸಿಯಲ್ಲಿ ಉಷ್ಣಶಾಖೆಯ ಹುಳುಗಳು ಹೆಚ್ಚು ಮರಿಗಳನ್ನು ಪಡೆದವು. ಅಹಮದಾಬಾದಿನ ತಳಿಯನ್ನೂ ಒಕಾಯಾಮದ ತಳಿಯನ್ನೂ ಕೂಡಿಸಿದರೆ ಮೊಮ್ಮಕ್ಕಳ ಪೀಳಿಗೆಯಲ್ಲಿ ಒಂದು ಭಾಗದ ಬೆಳವಣಿಗೆಯು ಕುಂಠಿತವಾಗುವುದೂ ಕಂಡುಬಂದಿದೆ.

ನಮಗೆ ಇನ್ನೂ ಸಮೀಪವಾದುದು ಕೇರಳ. ತಿರುವನಂತಪುರದಲ್ಲಿ ದೊರೆತ ಒಂದು ಹುಳುವು ಬ್ರಿಗ್ಸೆಗೆ ಸೋದರಸಂಬಂಧಿಯಾದ ಬೇರೆಯ ಜಾತಿಯೆಂದು ನಿರ್ಣಯವಾಗಿ, ೨೦೧೪ರಲ್ಲಿ ಅದಕ್ಕೆ ‘ನಿಗೋನಿ’ ಎಂದು ಹೆಸರಾಯಿತು. ಬೆರ್ಜರಾಕ್ ತಳಿಯನ್ನು ತಂದ ವಿಕ್ಟರ್ ನಿಗೋನನ ಸ್ಮರಣಾರ್ಥ. ಬ್ರಿಗ್ಸೆಯು ಉಭಯಲಿಂಗಿ; ನಿಗೋನಿಯಲ್ಲಿ ಹೆಣ್ಣು ಗಂಡುಗಳು ಬೇರೆಬೇರೆ. ಹೀಗಿದ್ದರೂ ಎರಡನ್ನೂ ಕೂಡಿಸಿದರೆ ಕೆಲವು ಸಂತಾನಗಳು ಫಲವಂತವಾಗಿಯೇ ಇರುತ್ತವೆ. ಒಂದು ಜಾತಿಯು ಎರಡಾಗಿ ಒಡೆದು ಬಹುಕಾಲ ಕಳೆದಿಲ್ಲವೆಂಬುದಕ್ಕೆ ಇದು ಲಕ್ಷಣ. ಪಾಠಭೇದವು ಬೆಳೆದು ಗ್ರಂಥಭೇದವಾಗುವ ಸಂಧಿಕಾಲವನ್ನು ಇಲ್ಲಿ ಕಣ್ಣಾರೆ ನೋಡಬಹುದು. ಸಹ್ಯಾದ್ರಿಯ ಆಚೆಯ ಮಗ್ಗುಲಲ್ಲಿ ಇಂತಹುದು ದೊರೆತಿರುವಾಗ, ಈಚೆಯ ಮಗ್ಗುಲಿನ ನಮ್ಮ ತೋಟಗಳಲ್ಲಿ, ಅಡಕೆಯ ಸಿಪ್ಪೆಯ ರಾಶಿಯಲ್ಲಿ, ಹಲಸಿನ ಮರದ ಬುಡದಲ್ಲಿ ಹುಡುಕುವುದು ವ್ಯರ್ಥವಾಗಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಎಲೆಗನ್ಸ್ ಹುಳುವನ್ನು ಹಿಡಿದು ಕೆಲಸಮಾಡಿದ ವಿದ್ವಾಂಸರಿದ್ದಾರಾಗಿ, ಹುಡುಕಿ ತಂದುದನ್ನು ಓದಬಲ್ಲವರಿಗೂ ಈ ಊರಿನಲ್ಲಿ ಕೊರತೆಯಿಲ್ಲ.

೭. ಉಪಮೆಯ ಮಿತಿ ಮತ್ತು ಉಪಸಂಹಾರ

ಉಪಮೆಯನ್ನು ಅತಿಯಾಗಿ ಎಳೆಯಬಾರದು. ಗ್ರಂಥಕ್ಕೆ ಒಬ್ಬ ಕರ್ತೃವಿರುತ್ತಾನೆ. ಅವನು ನುಡಿಯಬಯಸಿದ ಮಾತೊಂದಿರುತ್ತದೆ. ಆ ಮಾತಿಗೆ ಸಮೀಪವಾಗುವುದೇ ಶೋಧನೆಯ ಗುರಿ. ಪೂನಾದ ಭಾಂಡಾರಕರ ಸಂಶೋಧನಮಂದಿರದಲ್ಲಿ ೧೯೧೯ರಲ್ಲಿ ಆರಂಭವಾಗಿ, ಸುಕ್ಥಣಕರರ ನೇತೃತ್ವದಲ್ಲಿ ರೂಪುಗೊಂಡು, ೧೯೬೬ರಲ್ಲಿ ಮುಗಿದ ಮಹಾಭಾರತದ ಸಂಶೋಧಿತ ಪ್ರತಿಯು ಕೂಡ, ಎಲ್ಲ ಶಾಖೆಗಳ ಹಿಂದೆ ನಿಲ್ಲಬಹುದಾದ ಅತ್ಯಂತ ಪ್ರಾಚೀನ ರೂಪವನ್ನು ಅರಸಿತು. ಹುಳುವಿಗೆ ಕರ್ತೃವಿನ ಹಸ್ತಪ್ರತಿಯೆಂಬುದು ಎಲ್ಲಿಯೂ ಇಲ್ಲ. ಹವಾಯಿಯ ತಳಿಯೂ ಮೂಲವಲ್ಲ; ಅದೂ ಒಂದು ಪ್ರತಿ. ಇಲ್ಲಿ ಶುದ್ಧಪಾಠವೆಂಬ ಮಾತಿಗೆ ಅರ್ಥವಿಲ್ಲ. ಆಯಾ ನೆಲಕ್ಕೆ, ಆಯಾ ಬಿಸಿಲಿಗೆ ಒಗ್ಗಿದ ಪಾಠವು ಅಲ್ಲಿಗೆ ಸರಿಯಾದುದು. ಗ್ರಂಥದಲ್ಲಿ ಪಾಠಾಂತರಗಳು ಮೂಲಕ್ಕೆ ಹೋಗುವ ದಾರಿ. ಜೀವಲೋಕದಲ್ಲಿ ಪಾಠಾಂತರಗಳ ಸಮುದಾಯವೇ ಗ್ರಂಥ.

ಆದರೂ ಎರಡಕ್ಕೂ ಸಮಾನವಾದ ಒಂದು ನ್ಯಾಯವುಂಟು. ಬಳಕೆಯಿಂದ ಬಂದ ಪ್ರಾಮಾಣ್ಯವು ಪ್ರಾಚೀನತೆಗೆ ಸಾಕ್ಷಿಯಲ್ಲ. ಎಲ್ಲರೂ ಓದಿದುದರಿಂದ ಎನ್-೨ ಪ್ರಮಾಣವಾಯಿತು. ಪ್ರಮಾಣವಾದುದರಿಂದ ಅದನ್ನು ಎಲ್ಲರೂ ಓದಿದರು. ಈ ಚಕ್ರವನ್ನು ಮುರಿದುದು ತರ್ಕವಲ್ಲ, ಮತ್ತೊಂದು ಪ್ರತಿ. ಪಂಪನ ವಿಕ್ರಮಾರ್ಜುನವಿಜಯವನ್ನು ರೈಸ್ ಸಾಹೇಬರು ೧೮೯೮ರಲ್ಲಿ ಮುದ್ರಿಸಿದ್ದರೂ, ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಮರಳಿ ಪರಿಷ್ಕರಿಸಿ ಹೊರತಂದುದು ಅನಾವಶ್ಯಕವೆಂದು ಯಾರೂ ಹೇಳಲಿಲ್ಲ. ಡಿ. ಎಲ್. ನರಸಿಂಹಾಚಾರ್ಯರು ೧೯೬೪ರ ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಈ ಶಾಸ್ತ್ರವನ್ನು ನಮ್ಮ ಭಾಷೆಯಲ್ಲಿ ವ್ಯವಸ್ಥೆಗೊಳಿಸಿಕೊಟ್ಟರು. ಅದನ್ನು ಪಾಠಹೇಳುವ ಅಧ್ಯಾಪಕರು, ವಿದ್ಯಾರ್ಥಿಗಳಿಗೆ ಶಾಖೆ, ಮಾತೃಕೆ, ಪ್ರಕ್ಷೇಪ, ದ್ವಿರುಕ್ತಿ ಎಂಬ ಪದಗಳನ್ನು ವಿವರಿಸುವಾಗ ಈ ಹುಳುವಿನ ವೃತ್ತಾಂತವನ್ನೂ ಹೇಳಿದರೆ, ಶಾಸ್ತ್ರವು ಹಳೆಯ ಓಲೆಗಳ ಮಾತು ಮಾತ್ರವಲ್ಲವೆಂಬುದು ಅವರಿಗೆ ಮನದಟ್ಟಾದೀತು.

ಕಡೆಯದಾಗಿ ಒಂದು ಮಾತು. ಎಲೆಗನ್ಸಿನ ವನ್ಯತಳಿಗಳನ್ನು ಈಗ ಹೆಪ್ಪುಗಟ್ಟಿಸಿ ಇಡುತ್ತಾರೆ. ಹತ್ತಾರು ವರ್ಷಗಳ ಬಳಿಕ ಕರಗಿಸಿದರೂ ಅವು ಎದ್ದು ಹರಿದಾಡುತ್ತವೆ. ನಮ್ಮ ಮನೆಗಳ ಅಟ್ಟದ ಮೇಲಿನ ಓಲೆಗಳಿಗೆ ಆ ಭಾಗ್ಯವಿಲ್ಲ. ಒಮ್ಮೆ ಪುಡಿಯಾದರೆ ಆ ಪಾಠವು ಮರಳಿ ಬರುವುದಿಲ್ಲ. ನಾನು ಅಪಪಾಠವೆಂದು ಗುರುತಿಸಿದ್ದ ಆ ಹುಳು ತಿಂದ ಓಲೆಯನ್ನು ಅದರ ಒಡೆಯರು, ಗ್ರಂಥವು ಅಚ್ಚಾದ ಮೇಲೆ ಇನ್ನೇಕೆಂದು, ಹೊಳೆಗೆ ಬಿಟ್ಟುಬಿಟ್ಟರೆಂದು ಮುಂದೆ ತಿಳಿಯಿತು. ಅದರಲ್ಲಿ ನಾನು ಅಡಿಟಿಪ್ಪಣಿಗೂ ಸೇರಿಸದೆ ಬಿಟ್ಟ ಪಾಠಗಳು ಎಷ್ಟಿದ್ದವೋ, ಈಗ ಹೇಳಬಲ್ಲವರಿಲ್ಲ. ಟೀಕಾಗ್ರಂಥದ ಎರಡನೆಯ ಮುದ್ರಣವನ್ನು ಸಿದ್ಧಪಡಿಸುತ್ತಿದ್ದೇನೆ. “ಸಮಾಸ” ಎಂಬ ಪಾಠವು ಅದರಲ್ಲಿ ಮೇಲಕ್ಕೆ ಬರುವುದು, “ಸಮಾನ” ಎಂಬುದು ಕೆಳಗೆ ಹೋಗುವುದು. ಆದರೆ ಯಾವುದನ್ನೂ ಬಿಡುವುದಿಲ್ಲ.